ಒಂಟಿ ಸೀನು ಮತ್ತು ದಾಳಿಂಬೆ ಬಣ್ಣದ ಸೀರೆ

ಕೆಲವರು ಸೀನುವುದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಗುತ್ತದೆ. ಒಂದೇ ಒಂದು ಸಲ ‘ಆಕ್ಷೀ’ ಎನ್ನುತ್ತಾರೆ, ಕರ್ಚೀಫಿನಿಂದ ಮೂಗು ಒತ್ತಿಕೊಳ್ಳುತ್ತಾರೆ, ಮಾತು ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ ಮುಂದುವರಿಸುತ್ತಾರೆ. ನನ್ನದು ಹಾಗಲ್ಲ. ನನ್ನದು ಧಾರಾವಾಹಿ. ಮೊದಲು ಮೂಗಿನ ತುದಿಯಲ್ಲಿ ಇರುವೆ ಹರಿದಂತಾಗುತ್ತದೆ, ಆಮೇಲೆ ಕಣ್ಣು ಕೆಂಪಾಗುತ್ತದೆ, ಅಂಗುಳು ತುರಿಸುತ್ತದೆ (ಅಂಗುಳನ್ನು ಕೆರೆದುಕೊಳ್ಳಲು ಮನುಷ್ಯನಿಗೆ ಯಾವ ಸೌಕರ್ಯವನ್ನೂ ಕೊಟ್ಟಿಲ್ಲ, ಗಮನಿಸಿ), ನಂತರ ಕಂತು ಕಂತಾಗಿ ಸೀನು. ಎದುರಿಗಿರುವವರು ಮೊದಲ ಸೀನಿಗೆ ಅಯ್ಯೋ ಪಾಪ ಎನ್ನುತ್ತಾರೆ, ಐದನೆಯದಕ್ಕೆ ನಗುತ್ತಾರೆ, ಆಮೇಲೆ ಕುರ್ಚಿ ಹಿಂದಕ್ಕೆ ಸರಿಸುತ್ತಾರೆ.

ಹರಿಹರದಲ್ಲಿದ್ದಾಗ ನನಗೆ ಇದೇನೂ ಇರಲಿಲ್ಲ. ಅಲ್ಲಿ ಸೀನಿದರೆ ದೇವರಿಗೆ ಶುಕ್ರ್ ಹೇಳುವುದು ನಮ್ಮ ಮನೆಯ ರೂಢಿ. ಅಮ್ಮಿಯ ಪ್ರಕಾರ ಸೀನು ಬಂದರೆ ಮೈ ಹಗುರ, ಮನಸ್ಸು ಹಗುರ. ಈಗ ಫೋನಿನಲ್ಲಿ ನಾನು ಸೀನಲು ಶುರು ಮಾಡಿದರೆ ಅಮ್ಮಿ ಒಂದೊಂದಕ್ಕೂ ಶುಕ್ರ್ ಹೇಳುತ್ತಾ ಹೋಗಿ, ಕೊನೆಗೆ, “ರೇಷ್ಮಾ, ಎಲ್ಲಾ ಮುಗಿದ ಮೇಲೆ ಒಟ್ಟಿಗೆ ಹೇಳ್ತೀನಿ ಬಿಡೇ” ಎಂದು ಕೈಚೆಲ್ಲುತ್ತಾಳೆ. ಕೆಲಸ ಸಿಕ್ಕಿ ಕೊಯಮತ್ತೂರಿಗೆ, ಶರವಣಂಪಟ್ಟಿಗೆ ಬಂದ ಮೇಲೆಯೇ ನನ್ನ ಮೂಗಿಗೆ ಈ ಪ್ರತಿಭೆ ಬಂದದ್ದು. ಇಲ್ಲಿ ಆಡಿ ತಿಂಗಳು, ಅಂದರೆ ನಮ್ಮ ಆಷಾಢ, ಎಂದರೆ ಗಾಳಿ. ಪಾಲಕ್ಕಾಡಿನ ಕಡೆಯ ಬೆಟ್ಟಗಳ ಸಂದಿನಿಂದ ನುಗ್ಗಿ ಬರುವ ಆ ಗಾಳಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಎಂಥ ಗಾಳಿ ಅಂತೀರಿ! ಬಿಸಿಲಿದ್ದರೂ ಸೆಖೆಯಿಲ್ಲ, ಫ್ಯಾನ್ ಬೇಡ, ತೆಂಗಿನ ಗರಿಗಳು ಸಮುದ್ರದ ಹಾಗೆ ಸದ್ದು ಮಾಡುತ್ತವೆ. ಒಂದೇ ತೊಂದರೆ ಎಂದರೆ ಅದು ಬರುವಾಗ ದಾರಿಯಲ್ಲಿರುವ ಸಕಲ ಹುಲ್ಲು ಹೂವುಗಳ ಪರಾಗವನ್ನೂ ಹೊತ್ತು ತಂದು ನನ್ನ ಮೂಗಿಗೇ ಡೆಲಿವರಿ ಕೊಡುತ್ತದೆ.

ನಾನು ಸುಮ್ಮನೆ ಸೀನಿಕೊಂಡು ಕೂರುವ ಜಾತಿಯವಳಲ್ಲ. ಯಾವುದೇ ವಿಷಯ ತಲೆಗೆ ಹೊಕ್ಕರೂ ಅದರ ವಿಡಿಯೋಗಳನ್ನೆಲ್ಲ ನೋಡಿ ಮುಗಿಸುವವರೆಗೆ ನನಗೆ ನಿದ್ದೆ ಬರುವುದಿಲ್ಲ. ಹಾಗೆ ಪರಾಗ ವಿಜ್ಞಾನವನ್ನು ನನಗೆ ನಾನೇ ಕಲಿಸಿಕೊಂಡೆ. ಆವಿ ತೆಗೆದುಕೊಂಡೆ, ನೀಲಗಿರಿ ಎಣ್ಣೆ ಹಚ್ಚಿಕೊಂಡು ಆಫೀಸಿಗೆ ಹೋಗಿ ಪಕ್ಕದ ಸೀಟಿನವಳ ಕಣ್ಣಲ್ಲೂ ನೀರು ತರಿಸಿದೆ. ಮೂಗಿನೊಳಗೆ ಹೊಡೆದುಕೊಳ್ಳುವ ಸ್ಪ್ರೇ ತಂದು, ಚಾವಣಿ ನೋಡುತ್ತಾ ಹೊಡೆದುಕೊಂಡು, ಅದನ್ನು ಗಂಟಲಲ್ಲಿ ಕುಡಿದೆ. ಕೊನೆಗೆ ಕಿವಿ ಮೂಗು ಗಂಟಲಿನ ಡಾಕ್ಟರಮ್ಮನ ಹತ್ತಿರ ಹೋಗಿ ನನ್ನ ಜ್ಞಾನವನ್ನೆಲ್ಲ ಅವರ ಮುಂದೆ ಹರವಿದೆ. ಅವರು ಪೂರ್ತಿ ಕೇಳಿಸಿಕೊಂಡು, ತಮಿಳಿನಲ್ಲಿ ಹೇಳಿದ್ದಿಷ್ಟೇ: ತಲೆ ಸ್ವಲ್ಪ ಮುಂದಕ್ಕೆ ಬಗ್ಗಿಸು, ಸ್ಪ್ರೇಯ ತುದಿಯನ್ನು ಮೂಗಿನ ನಡುಗೋಡೆಗಲ್ಲ ಹೊರಗಿನ ಗೋಡೆಯ ಕಡೆಗೆ ತಿರುಗಿಸು, ಸೀನು ಬಂದಾಗ ಮಾತ್ರವಲ್ಲ ಪ್ರತಿದಿನವೂ ಹಾಕು. ಜೊತೆಗೆ, ಹೊರಗಿನಿಂದ ಬಂದ ಕೂಡಲೇ ಬಟ್ಟೆ ಬದಲಿಸು, ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆ, ಒಗೆದ ಬಟ್ಟೆ ಟೆರೇಸಿನಲ್ಲಿ ಒಣಹಾಕಬೇಡ. ನನಗೆ ಸ್ವಲ್ಪ ನಿರಾಶೆಯಾಯಿತು. ಇಷ್ಟು ದೊಡ್ಡ ಕಾಯಿಲೆಗೆ ಇಷ್ಟು ಚಿಕ್ಕ ಪಾಠವೇ?

ಬಟ್ಟೆ ಒಣಹಾಕುವ ವಿಷಯದಿಂದಲೇ ನನಗೆ ಕೆಳಗಿನ ಮನೆಯ ಅಜ್ಜಿಯ ಪೂರ್ತಿ ಪರಿಚಯವಾದದ್ದು. ನಾನು ಮಹಡಿ ಮೇಲಿನ ಒಂದು ಕೋಣೆಯ ಬಾಡಿಗೆಯವಳು. ಕೆಳಗೆ ಮನೆಯವರು: ಅಜ್ಜಿ, ಬ್ಯಾಂಕಿನಿಂದ ರಿಟೈರ್ ಆದ ಅವರ ಮಗ, ಅಂದರೆ ನನ್ನ ಪಾಲಿನ ಅಂಕಲ್, ಮತ್ತು ಅಂಕಲ್ ಮಗಳು ನಂದಿನಿ. ನೇಕಾರರ ಮನೆತನ, ತಲೆಮಾರುಗಳಿಂದ ಇಲ್ಲಿಯವರೇ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಅವರ ಕನ್ನಡ ಕೇಳಲು ಬಹಳ ಚೆಂದ, ಅರ್ಧ ವಾಕ್ಯ ನಮ್ಮೂರಿನದು, ಉಳಿದರ್ಧ ಇಲ್ಲಿನ ಉಕ್ಕಡಂ ಬಸ್ ಸ್ಟ್ಯಾಂಡಿನದು. ಟೆರೇಸಿಗೆ ಹೋಗದ ನನ್ನ ಒದ್ದೆ ಬಟ್ಟೆಗಳು ಮಂಚದ ಕಾಲಿಗೆಲ್ಲ ನೇತಾಡುವುದನ್ನು ಅಜ್ಜಿ ಒಮ್ಮೆ ಮೇಲೆ ಬಂದು ನೋಡಿದರು.

“ಏನ್ ಕಣ್ಣು ಇದು, ಬಿಸ್ಲು ಚುಮ್ಮಾನೇ ಬಿದ್ದೈತಲ್ಲ ಮೇಲೆ?”

ಅವರ ಬಾಯಲ್ಲಿ ನಾನು ‘ಕಣ್ಣು’, ಅಂದರೆ ಚಿನ್ನ, ಮುದ್ದು. ನಾನು ಪರಾಗದ ಬಗ್ಗೆ ಒಂದು ಭಾಷಣ ಮಾಡಿದೆ. ಅಜ್ಜಿ ಇಳಿದು ಹೋದರು. ಮಾರನೆಯ ದಿನ ನೋಡಿದರೆ ಕೆಳಗಿನ ಒಳಹಜಾರದಲ್ಲಿ ಗೋಡೆಯಿಂದ ಗೋಡೆಗೆ ಹೊಸ ಹಗ್ಗ. “ಇಲ್ ಹಾಕು, ಇಲ್ಲಿಗೆ ನಿನ್ ಪೂವು ಬರಾದಿಲ್ಲ” ಎಂದರು. ಅಂದಿನಿಂದ ಮನೆಗೆ ಬಂದ ನೆಂಟರೆಲ್ಲ ನನ್ನ ಚೂಡಿದಾರಗಳ ಕೆಳಗೆ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು.

ಆದರೆ ಆ ಮನೆಯಲ್ಲಿ ಒಂದು ಕಟ್ಟಳೆಯಿದೆ. ಯಾರಾದರೂ ಹೊರಡುವಾಗ ಒಂಟಿ ಸೀನು ಕೇಳಿದರೆ ಹೊರಟವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದೇ ಹೋಗಬೇಕು. ಜೋಡಿ ಸೀನಾದರೆ ಶುಭ, ಧಾರಾಳವಾಗಿ ಹೋಗಬಹುದು. ಅಂಕಲ್ ಬೆಳಗಿನ ವಾಕಿಂಗಿಗೆ ಚಪ್ಪಲಿ ಮೆಟ್ಟುವ ಹೊತ್ತಿಗೇ ನಾನು ಮೇಲೆ ಕಿಟಕಿ ತೆರೆಯುತ್ತಿದ್ದೆ. ಕೆಳಗಿನಿಂದ ಅಜ್ಜಿಯ ದನಿ: “ಕಣ್ಣೂ, ಮುಗೀತಾ? ಒಂಟಿನಾ ಜೋಡಿನಾ?” ನಾನು ಉತ್ತರ ಕೊಡುವಷ್ಟರಲ್ಲಿ ಇನ್ನೊಂದು, ಅದರ ಹಿಂದೆ ಮತ್ತೊಂದು. ಅಂಕಲ್ ಗೇಟಿನಿಂದ ಸೋಫಾಕ್ಕೆ, ಸೋಫಾದಿಂದ ಗೇಟಿಗೆ. “ಏನ್ಮಾ, ಇವತ್ತು ನನ್ ವಾಕಿಂಗ್ ಮನೆ ಒಳಗೇನಾ?” ಎಂದು ಕೂಗುತ್ತಿದ್ದರು. ಅವರ ಕಿಡ್ನಿ ಚೆನ್ನಾಗಿದೆ ಎಂದು ಯಾವ ಡಾಕ್ಟರು ಹೇಳಿದರೂ ಅದರ ಶ್ರೇಯಸ್ಸಿನಲ್ಲಿ ನನಗೊಂದು ಪಾಲಿದೆ.

ಹೀಗಿರುವಾಗ ನಂದಿನಿಯ ಮದುವೆ ನಿಶ್ಚಯವಾಯಿತು. ಮುಹೂರ್ತದ ಸೀರೆ ನೇಕಾರರ ಊರಾದ ಸಿರುಮುಗೈಯಲ್ಲಿ, ಅಜ್ಜಿಯ ತಮ್ಮನ ಮಗ ಮುರುಗೇಶಣ್ಣನ ಮಗ್ಗದಲ್ಲಿ ತಯಾರಾಗುತ್ತಿತ್ತು. ಅಂಗಡಿಯಿಂದ ತರುವ ಸೀರೆಯಲ್ಲ ಅದು. ನೇಯ್ದು ಮುಗಿದ ಮೇಲೆ ಒಳ್ಳೆಯ ಗಳಿಗೆ ನೋಡಿ, ಮಗ್ಗಕ್ಕೆ ಪೂಜೆ ಮಾಡಿ, ಮನೆಯವರ ಕಣ್ಣೆದುರಿಗೇ ಕತ್ತರಿಸಿ ಮದುಮಗಳ ಮಡಿಲಿಗೆ ಹಾಕಬೇಕು. ಅಂಕಲ್‌ಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು, ಕಾರು ಓಡಿಸುವ ಹಾಗಿಲ್ಲ. ನಂದಿನಿಗೆ ಡ್ರೈವಿಂಗ್ ಬರುವುದಿಲ್ಲ. ಬಾಡಿಗೆ ಕಾರು ಕರೆಯೋಣ ಎಂದರು ಅಂಕಲ್. ಅಜ್ಜಿ ನನ್ನ ಕಡೆ ತಿರುಗಿದರು.

“ಮನೇಲೇ ನಮ್ ಮಗು ಇರ್ವಾಗ ಹೊರಗಿನೋರು ಯಾತಕ್ಕೆ? ಹೆಸ್ರೇ ರೇಷ್ಮೆ. ಇವ್ಳೇ ಓಡಿಸ್ಲಿ.”

“ಅಮ್ಮಾ, ಇವ್ಳು ಅಲ್ಲಿ ಬಂದು ತುಮ್ಮಿದ್ರೆ?” ಎಂದು ಅಂಕಲ್ ಕೇಳಿಯೇಬಿಟ್ಟರು.

ಅವರ ಮಾತಿನಲ್ಲಿ ತುಮ್ಮಲ್ ಎಂದರೆ ಸೀನು. ಎಲ್ಲರೂ ನನ್ನ ಮೂಗು ನೋಡಿದರು. ಕತ್ತರಿ ಹಾಕುವ ಹೊತ್ತಿಗೆ ಒಂಟಿ ಸೀನು ಬಿದ್ದರೆ ಆ ಸೀರೆ ಮುಹೂರ್ತಕ್ಕೆ ಆಗುವುದಿಲ್ಲ, ಮದುವೆಯೊಳಗೆ ಇನ್ನೊಂದು ನೇಯಲು ಸಮಯವಿಲ್ಲ ಎಂದು ನಂದಿನಿ ಆಮೇಲೆ ನನಗೆ ಗುಟ್ಟಾಗಿ ತಿಳಿಸಿದಳು. ಅವಳು ಆ ಸೀರೆಯ ಬಣ್ಣವನ್ನು ನಿರ್ಧರಿಸಲು ತಿಂಗಳುಗಟ್ಟಲೆ ಒದ್ದಾಡಿದವಳು, ನನ್ನ ಮಂಚದ ಮೇಲೆಯೇ ಕೂತು. “ಲೇ, ಪ್ಲೀಸ್ ಡೀ” ಎಂದಳು, ಅಷ್ಟೇ.

ಅಂದಿನಿಂದ ನಾನು ಡಾಕ್ಟರಮ್ಮನ ಚಿಕ್ಕ ಪಾಠವನ್ನು ಪರೀಕ್ಷೆಗೆ ಓದುವವಳ ಹಾಗೆ ಪಾಲಿಸಿದೆ. ತಪ್ಪದೆ ಸ್ಪ್ರೇ, ತಲೆ ಮುಂದಕ್ಕೆ, ತುದಿ ಹೊರಗೋಡೆಗೆ. ಸಂಜೆ ಬಂದ ಕೂಡಲೇ ತಲೆಸ್ನಾನ. ಬೆಳಿಗ್ಗೆ ಗಾಳಿ ಹೊತ್ತಿಗೆ ಕಿಟಕಿ ಬಂದ್. ಆ ಕಿಟಕಿಯ ಸರಳುಗಳಲ್ಲಿ ಧೂಳೇ ಇರದಿರುವುದನ್ನು ಕಂಡು ನನ್ನ ಪದ್ಧತಿಯ ಬಗ್ಗೆ ನಾನೇ ಹೆಮ್ಮೆಪಟ್ಟೆ. ನಾನು ಆಫೀಸಿಗೆ ಹೋದ ಮೇಲೆ ಅಜ್ಜಿ ಮೆಟ್ಟಿಲು ಹತ್ತಿ ಬಂದು ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದರೆಂದು ನಂದಿನಿ ಹೇಳಿದ ಮೇಲೆ ಹೆಮ್ಮೆ ಇಳಿಯಿತು, ಅಜ್ಜಿಯ ಮೊಣಕಾಲು ನೋವಿನ ನೆನಪಾಗಿ ನಾಚಿಕೆಯೂ ಆಯಿತು. ಆದರೆ ಫಲ ಸಿಕ್ಕಿತು. ಸೀನುಗಳು ಕಡಿಮೆಯಾದವು, ಆಮೇಲೆ ನಿಂತೇಹೋದವು. ಅಂಕಲ್ ಬಾಯಾರಿಕೆ ಎನ್ನಲು ಶುರು ಮಾಡಿದರು.

ಸಿರುಮುಗೈಗೆ ಹೊರಟ ದಿನ ಕಾರಿನ ಗಾಜುಗಳೆಲ್ಲ ಮೇಲೆ, ಮುಖಕ್ಕೆ ಮಾಸ್ಕ್. ಅನ್ನೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಪಾರ್ಥೇನಿಯಂ ಬಿಳಿ ಬಿಳಿಯಾಗಿ ಹೂಬಿಟ್ಟು ತಲೆದೂಗುತ್ತಿತ್ತು. ನಾನು ಅದರ ಪರಾಗದ ಕುರಿತು ವ್ಯಾಖ್ಯಾನ ಕೊಡುತ್ತಾ ಓಡಿಸಿದೆ. ಗಾಜು ಇಳಿಸಲು ಕೈ ಹಾಕಿದ ಅಂಕಲ್‌ಗೆ ಅಜ್ಜಿ, “ಡೇಯ್, ಕೈ ತೆಗಿ” ಎಂದರು, ಅಂಕಲ್ ಏಳನೇ ಕ್ಲಾಸಿನ ಹುಡುಗನ ಹಾಗೆ ಕೈ ತೆಗೆದರು. ಒಂದೂ ಸೀನಿಲ್ಲದೆ ತಲುಪಿದೆ. ಭವಾನಿ ನದಿಯ ಕಡೆಯ ತಂಪು, ಓಣಿಯುದ್ದಕ್ಕೂ ಮಗ್ಗಗಳ ಟಕಟಕ. ನನ್ನ ಮೂಗು ತೆರೆದ ಹೆದ್ದಾರಿ.

ಮಗ್ಗದ ಕೋಣೆಯಲ್ಲಿ ಸೀರೆ ನೋಡಿದ ಕೂಡಲೇ ನಾನು ಮೂಗನ್ನೇ ಮರೆತೆ. ದಾಳಿಂಬೆ ಕಾಳಿನ ಕೆಂಪು, ಗಿಳಿಹಸಿರು ಅಂಚು, ಸೆರಗಿನಲ್ಲಿ ಜರಿ ನೀರಿನ ಹಾಗೆ ಹೊಳೆಯುತ್ತಿದೆ. ನೂಲು ಹಾರಬಾರದೆಂದು ಫ್ಯಾನ್ ಕೂಡ ಹಾಕಿರಲಿಲ್ಲ. ಮುರುಗೇಶಣ್ಣ ಮಗ್ಗಕ್ಕೆ ಹೂ ಇಟ್ಟು, ಸಾಂಬ್ರಾಣಿ ಹಾಕಿ, ಕತ್ತರಿಗೆ ಅರಿಶಿನ ಕುಂಕುಮ ಹಚ್ಚಿ ಕೈಗೆತ್ತಿಕೊಂಡರು. “ಮಾಸ್ಕ್ ತೆಗಿಯೇ, ಫೋಟೋ!” ಎಂದಳು ನಂದಿನಿ. ತೆಗೆದೆ. ಸಾಂಬ್ರಾಣಿಯ ಹೊಗೆಯ ಒಂದೇ ಒಂದು ಎಳೆ ಬಂದು ಮೂಗಿನೊಳಗೆ ಹೊಕ್ಕಿತು.

ಆಕ್ಷೀ!

ಕತ್ತರಿ ಗಾಳಿಯಲ್ಲೇ ನಿಂತಿತು. ಪಕ್ಕದ ಮನೆಗಳ ಮಗ್ಗಗಳೂ ನಿಂತಂತೆ ನನಗೆ ಭಾಸವಾಯಿತು.

“ಇರ್ಲಿ, ಇನ್ನೊಂದ್ ಹಾಕ್ಬುಡು ಕಣ್ಣು, ಜೋಡಿ ಆಗ್ಲಿ” ಎಂದರು ಅಜ್ಜಿ ನಿರಾಳವಾಗಿ. ಎಲ್ಲರೂ ನಿರಾಳರಾದರು. ಇನ್ನೊಂದು ತಾನೇ? ಈ ಹುಡುಗಿಯ ಹತ್ತಿರ ಅದಕ್ಕೇನು ಬರವೇ?

ಬರಲಿಲ್ಲ. ಬಾಯಿ ತೆರೆದು, ಕಣ್ಣು ಮುಚ್ಚಿ ಕಾದೆ. ಮೂಗು ಧ್ಯಾನಸ್ಥವಾಗಿತ್ತು. ಹೊರಗೆ ಕರೆದೊಯ್ದು ಸೂರ್ಯನನ್ನು ತೋರಿಸಿದರು. ಮುರುಗೇಶಣ್ಣ ಓಡಿಹೋಗಿ ಪಕ್ಕದ ಮನೆಯ ತಾತನಿಂದ ನಶ್ಯ ತಂದರು, ಅದು ಗಂಟಲಿಗೆ ಹೋಗಿ ಕೆಮ್ಮು ಬಂತೇ ಹೊರತು ಸೀನಲ್ಲ. “ಕೆಮ್ಮು ಲೆಕ್ಕಕ್ಕೆ ಬರ್ತದಾಮ್ಮಾ?” ಎಂದು ಅಂಕಲ್ ಆಸೆಯಿಂದ ಕೇಳಿದರು. “ಸುಮ್ನಿರು” ಎಂದರು ಅಜ್ಜಿ. ನಂದಿನಿ ರೇಷ್ಮೆ ನೂಲಿನ ತುದಿಯಿಂದ ಮೂಗು ಕೆಣಕಿದಳು. ರಾಹುಕಾಲ ಹತ್ತಿರವಾಗುತ್ತಿದೆ ಎಂದು ಮುರುಗೇಶಣ್ಣ ಗೋಡೆಯ ಗಡಿಯಾರ ನೋಡತೊಡಗಿದರು. ಕಾಂಪೌಂಡಿನ ಮೂಲೆಯಲ್ಲಿ ಪಾರ್ಥೇನಿಯಂ ಪೊದೆಯೊಂದು ಕಂಡಿತು. ಇಡೀ ಸೀಸನ್ ನಾನು ಯಾವುದರಿಂದ ಓಡಿ ತಪ್ಪಿಸಿಕೊಂಡಿದ್ದೆನೋ, ಅದರ ಮುಂದೆಯೇ ಹೋಗಿ ಮಂಡಿಯೂರಿ, ಹೂವಿಗೆ ಮೂಗು ಇಟ್ಟು, ಎದೆ ತುಂಬ ಎಳೆದುಕೊಂಡೆ. ಮಲ್ಲಿಗೆ ಮೂಸಿದಷ್ಟೇ ಆರಾಮ! ಡಾಕ್ಟರಮ್ಮನ ಪಾಠ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಅವರ ಬಗ್ಗೆ ನನಗೆ ಅಷ್ಟು ಗೌರವ, ಅಷ್ಟು ಸಿಟ್ಟು ಒಟ್ಟಿಗೇ ಬಂದದ್ದು ಅದೇ ಮೊದಲು. ನಂದಿನಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ನಾನು ಪೊದೆಯ ಮುಂದೆ ಕೂತು ಅಳುತ್ತಿದ್ದೆ.

“ಎಲ್ಲಾರೂ ಒಳಗ್ ಬನ್ನಿ” ಎಂದು ಅಜ್ಜಿಯ ದನಿ ಕೇಳಿತು.

ಹೋದೆವು. ಅಜ್ಜಿ ಮಗ್ಗದ ಮುಂದೆ ನೆಟ್ಟಗೆ ನಿಂತಿದ್ದರು. ತಮ್ಮ ಸೆರಗನ್ನು ಮೂಗಿನ ಹತ್ತಿರ ತಂದರು, ಒಮ್ಮೆ ನಮ್ಮೆಲ್ಲರ ಮುಖ ನೋಡಿದರು, ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ, ಸ್ಪಷ್ಟವಾಗಿ, “ಆ… ಕ್ಷೀ” ಎಂದರು.

ಮುರುಗೇಶಣ್ಣ ಮೆಲ್ಲಗೆ, “ಅತ್ತೆ, ಅದು ನಿಜ ತುಮ್ಮಲಾ?” ಎಂದರು.

“ನೀ ನೇಯ್ದಿದ್ದು ನಿಜ ರೇಷ್ಮೆನಾ ಅಂತ ನಾ ಕೇಳ್ದೆನಾ? ಜೋಡಿ ಆಯ್ತು. ಕತ್ರಿ ಹಾಕೋ.”

ಹಾಕಿದರು. ಸೀರೆ ನಂದಿನಿಯ ಮಡಿಲಿಗೆ ಬಿತ್ತು. ಅವಳು ಅಳು, ನಗು ಎರಡನ್ನೂ ಒಟ್ಟಿಗೆ ಮಾಡುತ್ತಾ ನನ್ನನ್ನು ಅಪ್ಪಿಕೊಂಡಳು, ಸೀರೆ ನಮ್ಮಿಬ್ಬರ ಮಧ್ಯೆ ಸಿಕ್ಕಿ, “ಮಡಿಕೆ ಬೀಳ್ತದೆ, ದೂರ ದೂರ!” ಎಂದು ಮುರುಗೇಶಣ್ಣ ಕೂಗಿದರು.

ವಾಪಸು ಬರುವಾಗ ಅಜ್ಜಿ ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ನಾನು ತಡೆಯಲಾರದೆ ಕೇಳಿದೆ: “ಅಜ್ಜಿ, ಸುಳ್ಳು ಸೀನಿಗೆ ದೋಷ ಹೋಗುತ್ತಾ?”

“ನನ್ ಮದ್ವೆ ಸೀರೆ ಕತ್ತರಿಸ್ವಾಗ ನನ್ ತಂಗಿ ತುಮ್ಮಿದ್ಲು ಕಣ್ಣು. ಒಂಟಿ. ಹಾಗೇ ಕತ್ತರ್ಸಿಬುಟ್ರು. ಆಮೇಲೆ ನಮ್ ಮನೇಲಿ ಹಾಲು ಒಡೆದ್ರೂ ಅವ್ಳ ತುಮ್ಮಲ್, ಮಳೆ ಬರ್ದಿದ್ರೂ ಅವ್ಳ ತುಮ್ಮಲ್. ಪಾವಂ, ಸಾಯೋವರ್ಗೂ ಒಂದ್ ಮದ್ವೆಗೂ ಮುಂದೆ ಬಂದು ನಿಲ್ಲಿಲ್ಲ ಅವ್ಳು. ದೋಷ ಗೀಷ ನಂಗೊತ್ತಿಲ್ಲ. ನಾಳೆ ಇವ್ರ ಮನೇಲಿ ಏನಾದ್ರೂ ಒಡೆದ್ರೆ ನಿನ್ ಹೆಸ್ರು ಬರ್ಬಾರ್ದು. ಈಗ ತುಮ್ಮಿದ್ದು ಇಬ್ರು. ನನ್ನ ಯಾರು ಕೇಳ್ತಾರೆ?”

ನನಗೆ ರಸ್ತೆ ಮಂಜಾಯಿತು. ಹಿಂದಿನ ಸೀಟಿನಿಂದ ಅಂಕಲ್, “ನೋಡಿದ್ರಾ, ಪೂವು ಅವ್ಳ ಕಣ್ಣಿಗೆ ಹೋಗೈತೆ, ಗಾಜು ಮೇಲೆ ಮಾಡಿ” ಎಂದರು. ಗಾಜು ಮೇಲೆಯೇ ಇತ್ತು. ನಾನು ಏನೋ ಹೇಳಲು ಬಾಯಿ ತೆರೆದೆ. ಆಗ ಬಂತು, ನಾನು ಪೊದೆಯ ಮುಂದೆ ಮಂಡಿಯೂರಿ ಬೇಡಿಕೊಂಡಿದ್ದ ಆ ಎರಡನೇ ಸೀನು. ಒಂದೇ. ಕಾರು ರಸ್ತೆ ಬದಿಗೆ ನಿಂತಿತು. ಅಜ್ಜಿ ನೀರಿನ ಬಾಟಲಿಯ ಮುಚ್ಚಳ ತೆಗೆದು ಅಂಕಲ್ ಕೈಗೆ ಕೊಟ್ಟರು.

ಮದುವೆ ಹತ್ತಿರ ಬಂದಿದೆ. ನಾನು ಮುಂದಿನ ಸಾಲಿನಲ್ಲೇ ಇರಬೇಕೆಂದು ಅಜ್ಜಿಯ ಅಪ್ಪಣೆಯಾಗಿದೆ. ಜಾಗವನ್ನೂ ಅವರೇ ಗುರುತು ಮಾಡಿಟ್ಟಿದ್ದಾರೆ: ನಾದಸ್ವರದವರ ಪಕ್ಕ, ತವಿಲು ಬಾರಿಸುವವರ ಮೊಣಕೈಗೆ ತಾಗುವಷ್ಟು ಹತ್ತಿರ. ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುವುದೇ ಇಂಥದ್ದು ಯಾವುದೂ ಕೇಳಿಸದಿರಲಿ ಎಂದೇ ಅಂತೆ. “ನೀ ಹತ್ತು ತುಮ್ಮು, ಇಪ್ಪತ್ತು ತುಮ್ಮು, ಯಾರ್ಗೂ ಕೇಳಾದಿಲ್ಲ” ಎಂದು ಭರವಸೆ ಕೊಟ್ಟಿದ್ದಾರೆ. ನಾನು ಒಪ್ಪಿಕೊಂಡಿದ್ದೇನೆ. ಮೂಗಿನ ವಿಡಿಯೋಗಳನ್ನು ಸದ್ಯಕ್ಕೆ ನಿಲ್ಲಿಸಿ, ಕಿವಿಯ ರಕ್ಷಣೆಯ ಬಗ್ಗೆ ನೋಡಲು ಶುರು ಮಾಡಿದ್ದೇನೆ.