ಸತ್ತವನನ್ನು ಮೊದಲು ಹುಟ್ಟಿಸಿದ್ದು

"ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದೇ ಒಂದು ಪುಸ್ತಕದಲ್ಲಿ ಹಾಳೆ ಹಿಂದುಮುಂದಾಗಿದ್ದು ತೋರಿಸಿಬಿಡಿ ಮೇಡಂ, ಈ ಗೋಂದಿನ ಡಬ್ಬಿ ಎತ್ತಿ ಗಟಗಟ ಕುಡಿದುಬಿಡ್ತೀನಿ."

ಹೀಗೆಂದವನು ಬೈಂಡರ್. ಅವನ ಅಂಗಡಿ ಎಷ್ಟು ಕಿರಿದೆಂದರೆ, ಒಳಗಿದ್ದವರು ಉಸಿರು ಬಿಟ್ಟ ಮೇಲೆಯೇ ಹೊರಗಿನವರು ಉಸಿರು ಎಳೆದುಕೊಳ್ಳಬೇಕು. ಎದುರಿಗೆ ನಿಂತಿದ್ದ ಮೇಡಂ ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳುವವರು. ಒಬ್ಬ ಅಮೆರಿಕನ್ ಲೇಖಕನ ಸಣ್ಣಕಥೆಗಳಲ್ಲಿ ನವ್ಯ ತಂತ್ರಗಳು ಎಂಬ ವಿಷಯ ಹಿಡಿದು ಆರು ವರ್ಷ ಕೂತು ಪ್ರಬಂಧ ಬರೆದಿದ್ದರು. ಕೊನೆಯಲ್ಲಿ ಆತನ ಒಂದು ಕಥೆಯನ್ನು ತಾವೇ ಅನುವಾದಿಸಿ ಸೇರಿಸಿದ್ದರು. ಹನ್ನೊಂದು ಗಂಟೆಗೆ ಪರೀಕ್ಷಕರ ಮುಂದೆ ಕೂರಬೇಕು. ಒಪ್ಪಿದರೆ ಡಾಕ್ಟರೇಟ್, ಒಪ್ಪದಿದ್ದರೆ ಇನ್ನೆರಡು ವರ್ಷ ವನವಾಸ. ಈಗ ಒಂಬತ್ತೂವರೆ. ಕಟ್ಟಲು ಕೊಟ್ಟ ಎರಡು ಪ್ರತಿಗಳಲ್ಲಿ ಒಂದು ಮೇಡಂ ಕೈಯಲ್ಲಿತ್ತು, ಇನ್ನೊಂದು ಇನ್ನೂ ಒಳಗಿತ್ತು.

ಮೇಡಂ: ಹಾಗಾದ್ರೆ ಕುಡಿಯೋಕೆ ಶುರು ಮಾಡಿ. ನನ್ನ ಕಥೆಯ ಮೊದಲನೇ ಹಾಳೇಲಿ ಮುದುಕ ಸತ್ತು ಮಲಗಿದ್ದ. ಇಲ್ಲಿ ನೋಡಿದ್ರೆ ತೊಟ್ಟಿಲಲ್ಲಿ ಕೈಕಾಲು ಆಡಿಸ್ತಿದ್ದಾನೆ.

ಬೈಂಡರ್ ಡಬ್ಬಿಯನ್ನು ಕಾಲಿನಿಂದ ಮೆಲ್ಲಗೆ ಮೇಜಿನ ಕೆಳಗೆ ಸರಿಸಿದ.

ಬೈಂಡರ್: ಅದನ್ನೇ ಹೇಳೋಣ ಅಂತಿದ್ದೆ. ನೀವು ಕೊಟ್ಟಾಗಲೇ ಹಾಳೆಗಳೆಲ್ಲ ಕಲಸಿಹೋಗಿದ್ವು. ಒಂದಕ್ಕೂ ನಂಬರಿಲ್ಲ. ಮೊದಲನೇದ್ರಲ್ಲಿ ಸಾವು, ಎರಡನೇದ್ರಲ್ಲಿ ಏಳು ವರ್ಷದ ಪೋರ, ಮೂರನೇದ್ರಲ್ಲಿ ಮದುವೆ, ನಾಲ್ಕನೇದ್ರಲ್ಲಿ ಹಾಲುಹಲ್ಲು ಬೀಳುತ್ತೆ. ಹಾಲುಹಲ್ಲಿನ ಗಂಡಿಗೆ ಯಾರು ಮೇಡಂ ಹೆಣ್ಣು ಕೊಡ್ತಾರೆ? ಒಂದಿಡೀ ಮಧ್ಯಾಹ್ನ ಊಟ ಬಿಟ್ಟು ಕೂತು, ಹುಟ್ಟಿದ್ದು, ಬೆಳೆದದ್ದು, ಕಟ್ಟಿಕೊಂಡದ್ದು, ಸತ್ತದ್ದು, ಎಲ್ಲಾ ಸಾಲಾಗಿ ಜೋಡಿಸಿದೆ.

ಮೇಡಂ: ಅದು ಕಲಸಿಹೋದದ್ದಲ್ಲ, ತಂತ್ರ. ಲೇಖಕ ಬೇಕು ಅಂತಲೇ ಕಾಲವನ್ನ ಒಡೆದಿದ್ದಾನೆ.

ಬೈಂಡರ್: ಒಡೆದದ್ದನ್ನ ಅಂಟಿಸೋದೇ ತಾನೆ ನನ್ನ ಕಸುಬು.

ಮೇಡಂ: ಅವನು ಭಾಗಗಳಿಗೆ ನಂಬರು ಹಾಕಿಲ್ಲ. ಅದಕ್ಕೇ ನಾನೂ ಕಥೆಯ ಹಾಳೆಗಳಿಗೆ ಹಾಕಲಿಲ್ಲ. ಓದೋನು ಸ್ವಲ್ಪ ದಾರಿ ತಪ್ಪಬೇಕು.

ಬೈಂಡರ್: ನನಗೆ ದಾರಿ ಸಿಕ್ಕಿಬಿಡ್ತಲ್ಲ, ಅದಕ್ಕೆ ನೀವು ಬೈತಿರೋದು.

ಮೇಡಂ ಪುಟ ತಿರುಗಿಸಿದರು. ಮತ್ತೊಂದು ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಮೇಡಂ: ಇದೇನಿದು, ನೀಲಿ ಶಾಯಿಯಲ್ಲಿ ಚುಕ್ಕಿ ಚುಕ್ಕಿ?

ಬೈಂಡರ್: ಫುಲ್‌ಸ್ಟಾಪು. ಕಥೆಯ ನಡುವೆ ಮೂರು ಹಾಳೆಗೆ ಸೇರಿ ಒಂದೂ ಇರ್ಲಿಲ್ಲ. ನಾನು ಗಟ್ಟಿಯಾಗಿ ಓದೋನು. ಎರಡನೇ ಹಾಳೆಗೆ ಬರೋ ಹೊತ್ತಿಗೆ ಕಣ್ಣು ಕತ್ತಲೆ ಬಂತು. ಎದುರಂಗಡಿ ದರ್ಜಿ ಓಡಿ ಬಂದು ಮುಖಕ್ಕೆ ನೀರು ಹಾಕಿದ. ಇನ್ಯಾರ ಜೀವಕ್ಕೂ ಕುತ್ತು ಬರಬಾರದು ಅಂತ ಅಲ್ಲಲ್ಲಿ ಇಟ್ಟೆ. ಒಟ್ಟು ಮೂವತ್ತೇಳು.

ಮೇಡಂ: ಮನುಷ್ಯನ ಮನಸ್ಸಲ್ಲಿ ಯೋಚನೆ ಹರಿಯೋದು ಹಾಗೇನೇ, ನಿಲ್ಲದೆ. ಅದಕ್ಕೆ ಪ್ರಜ್ಞಾಪ್ರವಾಹ ಅಂತಾರೆ.

ಬೈಂಡರ್: ಪ್ರವಾಹ ಅಂತ ಗೊತ್ತಿದ್ದೂ ಒಡ್ಡು ಹಾಕದೆ ಬಿಟ್ಟಿದ್ರಲ್ಲ, ಧೈರ್ಯ ನಿಮ್ಮದು.

ಮೇಡಂ: ಅದು ಹಾಳಾಗಲಿ. ಕಥೆಯಲ್ಲಿ ಬಾಗಿಲ ಹತ್ತಿರ ಆಗೋ ಜಗಳ ಪೂರ್ತಿ ಎಲ್ಲಿ? ಮುದುಕನ ಹೆಂಡತಿ ಹೇಳೋದು ಇದೆ. ಮಗಳು ಹೇಳೋದು, ಅಂಚೆಯವನು ಹೇಳೋದು ಕಾಣ್ತಾನೇ ಇಲ್ಲ.

ಬೈಂಡರ್: ಒಂದೇ ಜಗಳಾನ ಮೂರು ಸಲ ಪ್ರಿಂಟು ಹಾಕಿಸಿದ್ರಿ. ಒಂದು ಇಟ್ಕೊಂಡು ಎರಡು ತೆಗೆದೆ. ಬಿಸಾಡಿಲ್ಲ, ಅಂಥ ಮನುಷ್ಯ ಅಲ್ಲ ನಾನು. ರಟ್ಟಿನ ಒಳಗೆ ಅಸ್ತರಿಗೆ ಅಂಟಿಸಿದ್ದೀನಿ. ಮುಟ್ಟಿ ನೋಡಿ ಎಷ್ಟು ಗಟ್ಟಿಯಾಗಿದೆ.

ಮೇಡಂ: ಅದು ಒಂದೇ ಜಗಳ ಅಲ್ಲ ಯಜಮಾನರೇ. ಮೂರು ಜನ, ಮೂರು ಸತ್ಯ.

ಬೈಂಡರ್: ಮೂರರಲ್ಲಿ ಹೆಂಡತಿದೇ ಇಟ್ಟಿದ್ದೀನಲ್ಲ. ನಮ್ಮನೇಲೂ ನಡೆಯೋದು ಅದೊಂದೇ.

ಮೇಡಂ: ಈಗಲೇ ಬಿಚ್ಚಿ ಸರಿಮಾಡಿ ಕೊಡಿ.

ಬೈಂಡರ್: ನಾನು ಕಟ್ಟಿದ್ದನ್ನ ಎರಡು ಲಾರಿ ಎರಡು ಕಡೆಯಿಂದ ಎಳೆದರೂ ಬಿಚ್ಚಕಾಗಲ್ಲ. ಲಾರಿ ಎರಡೂ ತುಂಡಾಗ್ತವೆ, ಪುಸ್ತಕ ನಗ್ತಾ ಇರುತ್ತೆ.

ಮೇಡಂ ಕಾಗದದ ಕಟ್ಟಿನ ಮೇಲೆ ಕುಸಿದು ಕೂತರು. ಚೀಲದಿಂದ ಒಂದು ಪತ್ರ ತೆಗೆದರು. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ ಅದು ಬಟ್ಟೆಯ ಹಾಗಾಗಿತ್ತು.

ಮೇಡಂ: ಪರೀಕ್ಷಕರು ಒಂದು ಪ್ರಶ್ನೆ ಮೊದಲೇ ಬರೆದು ಕಳಿಸಿದ್ದಾರೆ. 'ಈ ಕಥೆಯನ್ನು ನೇರವಾಗಿ ಹೇಳಿದ್ದರೆ ಏನು ನಷ್ಟವಾಗುತ್ತಿತ್ತು?' ಎರಡು ವಾರದಿಂದ ಉತ್ತರ ಹುಡುಕ್ತಿದ್ದೀನಿ. ಹೊಳೀತಿಲ್ಲ. ಈಗ ಪ್ರತಿಯೂ ಹೋಯ್ತು.

ಬೈಂಡರ್: ಏನೂ ನಷ್ಟ ಇಲ್ಲ ಅಂತ ಹೇಳಿಬಿಡಿ. ಸಾಕ್ಷಿ ನಿಮ್ಮ ತೊಡೆ ಮೇಲೇ ಇದೆ.

ಒಳಗಿನ ಪರದೆ ಸರಿಸಿ ಬೈಂಡರನ ಹೆಂಡತಿ ಬಂದಳು. ಅಂಗಡಿಯ ಹೊಲಿಗೆಯೆಲ್ಲ ಅವಳದು. ಕೈಯಲ್ಲಿ ಎರಡನೆಯ ಪ್ರತಿ.

ಹೆಂಡತಿ: ರೀ, ಇದರ ಮೇಲೆ 'ಕತ್ತರಿಸಿ ಮತ್ತೆ ಜೋಡಿಸಬೇಕು' ಅಂತ ಯಾಕೆ ಚೀಟಿ ಅಂಟಿಸಿದ್ದೀರಿ? ಇದು ನೀವು ಕೈ ಹಾಕೋ ಮೊದಲೇ ನಾನು ಹೊಲಿದದ್ದು. ಮೇಡಂ ಕೊಟ್ಟ ಹಾಗೇ ಇದೆ.

ಮೇಡಂ ಅದನ್ನು ಕಸಿದುಕೊಂಡ ರಭಸಕ್ಕೆ ಗೋಡೆಯ ಕ್ಯಾಲೆಂಡರು ಎರಡು ತಿಂಗಳು ಮುಂದಕ್ಕೆ ಹೋಯಿತು. ತೆರೆದು ನೋಡಿದರೆ, ಮುದುಕ ಮೊದಲನೆಯ ಹಾಳೆಯಲ್ಲೇ ಕ್ಷೇಮವಾಗಿ ಸತ್ತಿದ್ದ.

ಬೈಂಡರ್: ಅದು ಸರಿಯಾದ ಪ್ರತಿಯಲ್ಲ ಮೇಡಂ. ಇವಳು ಹೊಲೀತಾ ಓದ್ತಾಳೆ, ಓದ್ತಾ ಅಳ್ತಾಳೆ. ನಾಲ್ಕು ಹೊಲಿಗೆ ಸೊಟ್ಟ ಬಿದ್ದಿದೆ.

ಹೆಂಡತಿ: ಬಿದ್ದಿದೆ, ಏನೀಗ? ಮೊದಲನೇ ಹಾಳೇಲಿ ಅವನು ಸತ್ತಿದ್ದಾನೆ, ಮಂಚದ ಕೆಳಗೆ ಅವನ ಬೂಟು. ಮುಂದಿನ ಹಾಳೇಲಿ ಅವನಿಗೆ ಏಳು ವರ್ಷ. ಅವರಮ್ಮ ಕಾಲಿಗಿಂತ ದೊಡ್ಡ ಬೂಟು ತಂದು, 'ಇರಲಿ ಬಿಡು ಕಂದ, ಬೆಳೆಯೋಕೆ ಬೇಕಾದಷ್ಟು ದಿನ ಇದೆ' ಅಂತಾಳೆ. ಪಾಪ, ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಆಮೇಲೆ ಸೂಜಿಯ ಕಣ್ಣೇ ಕಾಣಿಸ್ಲಿಲ್ಲ.

ಮೇಡಂ: ಇವರು ಜೋಡಿಸಿದ್ದನ್ನೂ ಓದಿದ್ರಾ ಅಕ್ಕ?

ಹೆಂಡತಿ: ಓದದೆ ಇರ್ತೀನಾ? ಹುಟ್ಟಿದ, ಬೂಟು ತಂದ್ರು, ಕೆಲಸ ಸಿಕ್ತು, ಮದುವೆ ಆಯ್ತು, ಸತ್ತ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಆಗೋದೇ ತಾನೆ. ಆಕಳಿಕೆ ಬಂತು.

ಮೇಡಂ ಪೆನ್ನು ತೆಗೆದು ಪತ್ರದ ಹಿಂಭಾಗದಲ್ಲಿ ಬರೆದುಕೊಂಡರು: 'ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು.'

ಮೇಡಂ: ಮುನ್ನೂರು ಪುಟ ಬರೆದೆ ಅಕ್ಕ, ಈ ನಾಲ್ಕು ಪದ ಎಲ್ಲೂ ಬರಲಿಲ್ಲ. ಎರಡು ಪ್ರತಿಯನ್ನೂ ತಗೊಂಡು ಹೋಗ್ತೀನಿ. ಮೊದಲು ಇವರದ್ದು ಓದಿಸ್ತೀನಿ, ಆಮೇಲೆ ನಿಮ್ಮದು. ಏನು ನಷ್ಟ ಅಂತ ಪರೀಕ್ಷಕರೇ ಹೇಳಲಿ.

ಹೆಂಡತಿ (ಗಂಡನಿಗೆ): ನಿಮ್ಮ ಪುಣ್ಯ ಕಣ್ರೀ. ನೀವು ಮಾಡಿದ ತಪ್ಪೂ ಒಬ್ಬರ ಉಪಯೋಗಕ್ಕೆ ಬಂತು.

ಮೇಡಂ (ಹೊಸ್ತಿಲು ದಾಟುತ್ತಾ): ಉಪಯೋಗಕ್ಕೇನೋ ಬಂತು. ಆದ್ರೆ ಇನ್ನೊಬ್ಬರ ಕಥೆಗೆ ಮಾತ್ರ ಇಂಥ ತಪ್ಪು ಮಾಡಬೇಡಿ ಯಜಮಾನರೇ.

ಬೈಂಡರ್: ಇದೊಳ್ಳೇ ನ್ಯಾಯ ಆಯ್ತಲ್ಲ ಮೇಡಂ. ಹಾಳೆ ಹಿಂದುಮುಂದು ಮಾಡಿದೋನು ಅಮೆರಿಕದವನಾದ್ರೆ ತಂತ್ರ, ನಾನಾದ್ರೆ ತಪ್ಪಾ?