ಗ್ವಾಲ್ದರಾನಿ ವಂಶದ ಮೂಗು

ಇದೆಲ್ಲ ಶುರುವಾದದ್ದು ಇಬ್ಬರು ಹಮಾಲರಿಗೆ ಬಾಯಾರಿಕೆಯಾದದ್ದರಿಂದ. ಗುಡ್ಡದ ಮೇಲಿನ ಬಂಗಲೆಯಿಂದ ಊರ ದೊರೆಗಳಾದ ಗ್ವಾಲ್ದರಾನಿ ಕೌಂಟ್‌ಗಳ ಹಳೆಯ ತೈಲಚಿತ್ರವೊಂದನ್ನು ಹೊತ್ತು ಇಗರ್ಜಿಗೆ ಹೊರಟಿದ್ದವರು, ಚೌಕದ ಬೇಕರಿಯ ಗೋಡೆಗೆ ಅದನ್ನು ಒರಗಿಸಿ ನಲ್ಲಿಯ ಕಡೆ ನಡೆದರು. ಆ ವಂಶಕ್ಕೆ ಐನೂರು ವರ್ಷ ತುಂಬಿತೆಂದು ಮೊಂತೆಸೆರ್ರಾ ಊರಿನ ಪಾದ್ರಿಗಳು ಮರುದಿನ ಸಮಾರಂಭ ಇಟ್ಟುಕೊಂಡಿದ್ದರು. ತನ್ನ ಗೋಡೆಗೆ ಒರಗಿದವರು ಯಾರೆಂದು ನೋಡಲು ಬೇಕರಿಯ ನಜ್ಜಾರೆನೊ ಚೆಕ್ಕೋನಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. ಎದುರಂಗಡಿಯ ಕ್ಷೌರಿಕ ಓಲಿಂದೊ ಅದೇ ಗಳಿಗೆಗೆ ತಲೆಯೆತ್ತಿದ.

ಚಿತ್ರದಲ್ಲಿದ್ದ ಕೌಂಟ್ ಅಸ್ತೋಲ್ಫೊಗೆ ಜರತಾರಿ ಅಂಗಿ, ಸೊಂಟಕ್ಕೆ ಕತ್ತಿ. ನಜ್ಜಾರೆನೊಗೆ ಬನಿಯನ್ನು, ಸೊಂಟಕ್ಕೆ ಗೋಣಿಬಟ್ಟೆ. ಆದರೆ ಮೂಗು ಮಾತ್ರ ಒಂದೇ. ಹುಬ್ಬುಗಳ ನಡುವೆ ಹುಟ್ಟಿ, ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಎಡಕ್ಕೆ ಹೊರಳಿ, ಕೊನೆಗೆ ಬಲಿತ ಬದನೆಕಾಯಿಯಂತೆ ಜೋತುಬಿದ್ದ ಮೂಗು. ದೇವರೂ ಅಂಥ ತಪ್ಪನ್ನು ಎರಡು ಸಲ ಮಾಡಲಾರ.

ಓಲಿಂದೊ ಅರ್ಧ ಬೋಳಿಸಿದ ಗಿರಾಕಿಯನ್ನು ನೊರೆಯ ಸಮೇತ ಬಿಟ್ಟು ಓಡಿಬಂದ. ಚಿತ್ರವನ್ನೊಮ್ಮೆ, ನಜ್ಜಾರೆನೊನನ್ನೊಮ್ಮೆ ನೋಡಿದ.

“ಲೋ, ನಿಮ್ಮನೆ ಹೆಂಗಸರು ಯಾರಾದ್ರೂ ಹಿಂದೆ ಬಂಗಲೇಲಿ ಕೆಲಸಕ್ಕಿದ್ರೇನೋ?”

“ನಮ್ಮ ಮುತ್ತಜ್ಜಿಯ ಮುತ್ತಜ್ಜಿ ಯಾರೋ ಅಲ್ಲಿ ಬಟ್ಟೆ ಒಗೀತಿದ್ಲಂತೆ. ಯಾಕೆ?”

“ಅಷ್ಟು ಸಾಕು ಬಿಡು,” ಎಂದ ಓಲಿಂದೊ.

ಅಷ್ಟೇ ಸಾಕಾಯಿತು. ನೀರು ಕುಡಿದು ಬಂದ ಹಮಾಲರು ಚಿತ್ರವನ್ನು ಎತ್ತುವುದರೊಳಗೆ ಅರ್ಧ ಊರು ಚೌಕದಲ್ಲಿತ್ತು. ಎಲ್ಲರೂ ನಜ್ಜಾರೆನೊನನ್ನು ಕೌಂಟ್‌ನ ಪಕ್ಕ ನಿಲ್ಲಿಸಿ, ಎಡಕ್ಕೆ ತಿರುಗು, ಬಲಕ್ಕೆ ತಿರುಗು ಎಂದು ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದರು. ಒಳಗೆ ಒಲೆಯಲ್ಲಿದ್ದ ಬ್ರೆಡ್ಡು ಇದ್ದಿಲಾಯಿತು.

ರಕ್ತಸಂಬಂಧದ ಮೊದಲ ಫಲ ಮುದುಕ ಬರ್ನಾಬೆಯ ರೂಪದಲ್ಲಿ ಬಂತು. ಕೌಂಟ್‌ಗಳ ಜಮೀನು ಉಳುತ್ತಿದ್ದ ತನ್ನ ಅಜ್ಜನಿಂದ ಅವರು ಬೆಳೆಯಲ್ಲಿ ಅರ್ಧ ಪಾಲಲ್ಲದೆ, ಪ್ರತಿ ಕ್ರಿಸ್‌ಮಸ್ಸಿಗೂ ಕೊಬ್ಬಿಸಿದ ಹುಂಜಗಳನ್ನು ಕಿತ್ತುಕೊಳ್ಳುತ್ತಿದ್ದರೆಂದು ಅವನು ನಜ್ಜಾರೆನೊನನ್ನು ಬೈದ. ಬೈದು ಮುಗಿಸಿ ಎರಡು ಬ್ರೆಡ್ಡನ್ನು ಕಂಕುಳಲ್ಲಿಟ್ಟುಕೊಂಡು, ಹುಂಜದ ಲೆಕ್ಕಕ್ಕೆ ಎಂದು ಹೇಳಿ ಹೊರಟುಹೋದ. ಮೊಂತೆಸೆರ್ರಾದಲ್ಲಿ ಆ ಜಮೀನು ಉಳದ ಅಜ್ಜಂದಿರೇ ಇರಲಿಲ್ಲ. ಒಬ್ಬನ ಅಜ್ಜಿಯಿಂದ ಮೊಟ್ಟೆ, ಇನ್ನೊಬ್ಬನ ತಾತನಿಂದ ಹಂದಿ ತೊಡೆ. ಮಧ್ಯಾಹ್ನದ ಗಂಟೆ ಬಾರಿಸುವ ಹೊತ್ತಿಗೆ ಬೇಕರಿಯ ಹಲಗೆಗಳು ಬಕ್ಕತಲೆಯಷ್ಟು ನುಣ್ಣಗಾಗಿದ್ದವು. ಎತ್ತಿಕೊಂಡು ಹೋದವರೆಲ್ಲ ಅವನನ್ನು ‘ದೊರೆಗಳೇ’ ಎಂದೇ ಕರೆದರು. ಕಾಸು ಮಾತ್ರ ಯಾರೂ ಬಿಚ್ಚಲಿಲ್ಲ.

ಆಮೇಲೆ ಅವನ ತಾಯಿ ಚೆಸಿರಾ ಬಂದಳು. ಸುದ್ದಿ ಅವಳಿಗೆ ಜಪಮಣಿ ಎಣಿಸುತ್ತಿದ್ದಾಗ ಇಗರ್ಜಿಯಲ್ಲೇ ಮುಟ್ಟಿತ್ತು. ಕೈಯಲ್ಲಿ ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಹಲಗೆ ಹಿಡಿದುಕೊಂಡು, ತಾನು ಸೊಸೆಯಾಗಿ ಬಂದದ್ದು ಮರ್ಯಾದಸ್ಥರ ಮನೆಗೆ, ಆ ಮನೆಯ ಯಾವ ಹೆಂಗಸಿನ ಹೆಸರನ್ನಾದರೂ ಎತ್ತಿದವರ ಬೆನ್ನಿನ ಅಳತೆ ತೆಗೆಯುತ್ತೇನೆ ಎಂದಳು. ಓಲಿಂದೊ ತನ್ನ ಅಂಗಡಿಯ ಬಾಗಿಲು ಹಾಕಿಕೊಂಡ.

ಆದರೆ ನಜ್ಜಾರೆನೊನ ಹೆಂಡತಿ ದೀನಾ ಬೇರೆಯೇ ಗುಣಾಕಾರ ಹಾಕಿದ್ದಳು. ಬಂಗಲೆಯಲ್ಲಿ ಉಳಿದಿರುವುದು ದೊರೆಸಾನಿ ತೆಯೊದೊಲಿಂದಾ ಒಬ್ಬಳೇ. ಮದುವೆಯಿಲ್ಲ, ಮಕ್ಕಳಿಲ್ಲ. ಬಂಗಲೆಯ ಹಿಂದೆ ಇಳಿಜಾರಿನುದ್ದಕ್ಕೂ ದ್ರಾಕ್ಷಿತೋಟ. ಅಷ್ಟನ್ನೂ ಆಕೆ ಯಾರಿಗೆ ಬಿಟ್ಟುಹೋಗಬೇಕು? ದೀನಾ ಬಾಯಿ ಬಿಡದೆ ಗಂಡನ ಮದುವೆ ಕೋಟನ್ನು ಇಸ್ತ್ರಿ ಮಾಡತೊಡಗಿದಳು.

“ಹೋಗು,” ಎಂದಳು ಚೆಸಿರಾ. “ನಮ್ಮ ಹೆಂಗಸರ ಮೇಲೆ ಕಳಂಕ ಇಲ್ಲ ಅಂತ ಆ ದೊರೆಸಾನಿ ಬಾಯಿಂದಾನೇ ಹೇಳಿಸ್ಕೊಂಡು ಬಾ. ಅಲ್ಲೀವರೆಗೂ ಈ ಮನೇಲಿ ಒಲೆ ಹತ್ತಲ್ಲ.”

“ಹೋಗಿ,” ಎಂದಳು ದೀನಾ ಮೆಲ್ಲಗೆ, ಕಾಲರ್ ಸರಿಮಾಡುತ್ತ. “ಬೆಳಕು ಬೀಳೋ ಕಡೆ ಪಕ್ಕಕ್ಕೆ ತಿರುಗಿ ನಿಂತ್ಕೊಳ್ಳಿ. ಮೂಗು ಚೆನ್ನಾಗಿ ಕಾಣಲಿ.”

ಇಪ್ಪತ್ತು ವರ್ಷದ ಹಿಂದಿನ ಕೋಟು. ಗುಡ್ಡ ಹತ್ತುವಾಗ ಒಂದು ಗುಂಡಿ ಪಟ್ಟೆಂದು ಹಾರಿತು, ಬಂಗಲೆಯ ಬಾಗಿಲಲ್ಲಿ ಇನ್ನೊಂದು. ನಜ್ಜಾರೆನೊ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಒಳಗೆ ಹೋದ. ಚಾವಣಿಯಲ್ಲಿ ಬಿದ್ದ ತೂತಿನಿಂದ ಪಾರಿವಾಳಗಳು ಬಂದು ಹೋಗುತ್ತಿದ್ದವು. ಅಷ್ಟು ದೊಡ್ಡ ಅಡುಗೆಮನೆಯ ಮೂಲೆಯಲ್ಲಿ ದೊರೆಸಾನಿ ಎರಡು ಶಾಲು ಹೊದ್ದು, ಸಣ್ಣ ಪಾತ್ರೆಯಲ್ಲಿ ಒಂದು ಮೊಟ್ಟೆ ಬೇಯಿಸುತ್ತ ಕೂತಿದ್ದಳು. ಅವಳ ಮುಖದಲ್ಲೂ ಅದೇ ಮೂಗು. ಇಷ್ಟು ಹತ್ತಿರದಿಂದ ಅವನು ಅವಳನ್ನು ನೋಡಿಯೇ ಇರಲಿಲ್ಲ.

ಅವನು ತೊದಲುತ್ತ ವಿಷಯ ಹೇಳಿದ. ಬಟ್ಟೆ ಒಗೆಯುವ ಮುತ್ತಜ್ಜಿ, ಕೌಂಟ್ ಅಸ್ತೋಲ್ಫೊ, ತಾಯಿಯ ಶಪಥ. ಮುದುಕಿ ನಕ್ಕಳು. ನಕ್ಕು ಕೆಮ್ಮಿದಳು. ಆಮೇಲೆ ಅವನನ್ನು ಚಿತ್ರಗಳ ಪಡಸಾಲೆಗೆ ಕರೆದೊಯ್ದಳು. ಅಸ್ತೋಲ್ಫೊ ಇದ್ದ ಜಾಗ ಗೋಡೆಯಲ್ಲಿ ಬಿಳಿಯಾಗಿತ್ತು. ಅದರ ಬಲಕ್ಕಿದ್ದ ಗ್ವಾಲ್ದರಾನಿಗಳದೆಲ್ಲ ಬದನೆಕಾಯಿ ಮೂಗು. ಎಡಕ್ಕಿದ್ದವರಿಗೆ, ಅಂದರೆ ಅವನಿಗಿಂತ ಹಿಂದಿನವರಿಗೆಲ್ಲ, ಕಡಲೆಕಾಳಿನಂಥ ಪುಟ್ಟ ಮೂಗು.

“ಇಗರ್ಜೀಲಿರೋ ಮರದ ಸಂತ ಜೋಸೆಫರನ್ನ ನೋಡಿದೀಯಲ್ಲ,” ಎಂದಳು ದೊರೆಸಾನಿ.

ನೋಡದೇ ಏನು? ಆ ಸಂತನ ಮೂಗಿನ ಹೆಸರಲ್ಲಿ ಅವನು ಬಾಲ್ಯದಲ್ಲಿ ತಿಂದ ಲೇವಡಿ ಒಂದೆರಡಲ್ಲ.

“ಅದು ಅಸ್ತೋಲ್ಫೊ ಹುಟ್ಟೋಕೆ ನೂರು ವರ್ಷ ಮುಂಚೆ ಕೆತ್ತಿದ್ದು. ಮಾದರಿಗೆ ಅಂತ ಎದುರಿಗೆ ಕೂರಿಸ್ಕೊಂಡಿದ್ದು ಆಗಿನ ಬೇಕರಿಯವನನ್ನ. ನಿಮ್ಮ ಮನೆಯವನು. ಈಗ ಹೇಳು, ಮೂಗು ಮೊದಲು ಯಾರದ್ದು?”

ನಜ್ಜಾರೆನೊ ಹೊಟ್ಟೆ ಬಿಟ್ಟು ಮೂಗು ಮುಟ್ಟಿ ನೋಡಿಕೊಂಡ.

“ಅಸ್ತೋಲ್ಫೊನ ಅಪ್ಪ ಅನ್ನಿಸಿಕೊಂಡವನು ವರ್ಷಗಟ್ಟಲೆ ಯುದ್ಧಕ್ಕೆ ಹೋಗಿದ್ದನಪ್ಪ,” ಎಂದಳು ಮುದುಕಿ. “ಆದ್ರೆ ಬಂಗಲೆಗೆ ಬಿಸಿ ಬ್ರೆಡ್ಡು ದಿನಾ ಬೆಳಿಗ್ಗೆ ತಪ್ಪದೆ ಬರ್ತಿತ್ತು. ನಮ್ಮನೇಲಿ ಎಲ್ರಿಗೂ ಗೊತ್ತಿತ್ತು, ಯಾರೂ ಆಡ್ತಿರ್ಲಿಲ್ಲ ಅಷ್ಟೆ. ಐನೂರು ವರ್ಷ ಅಂತ ಪಾದ್ರಿಗಳು ಹಬ್ಬ ಮಾಡ್ತಿದಾರೆ. ಅದ್ರಲ್ಲಿ ಮುನ್ನೂರು ನಿಮ್ದೇ.”

ಗುಡ್ಡ ಇಳಿಯುವಾಗ ಅವನ ಎದೆ ಹಗುರವಾಗಿತ್ತು. ತಾಯಿಯ ಮಾತು ಉಳಿಯಿತು. ಅಂದರೆ ಒಲೆ ಹತ್ತುತ್ತದೆ. ಮನೆಯಲ್ಲಿ ಅವನು ನಡೆದದ್ದನ್ನೆಲ್ಲ ಹೇಳಿದ. ಪಾರಿವಾಳವನ್ನೂ ಮೊಟ್ಟೆಯನ್ನೂ ಬಿಡಲಿಲ್ಲ. ಚೆಸಿರಾ ಕೇಳುತ್ತ ಕೇಳುತ್ತ ಹಲಗೆಯನ್ನು ಗೋಡೆಗೆ ಆನಿಸಿದಳು. ಅವಳ ಮುಖದಲ್ಲಿ ಕಂಡದ್ದು ಅವನು ಎಣಿಸಿದ್ದ ಸಂತೋಷವಲ್ಲ.

“ಅಂದ್ರೆ ಅವಳು ನಮ್ಮನೆ ಹೆಣ್ಣುಮಗಳು.”

“ಒಂಥರಾ ಹಾಗೇ ಅಮ್ಮ.”

“ನಮ್ಮನೆ ಹೆಣ್ಣುಮಗಳು ಹರಕು ಚಾವಣಿ ಕೆಳಗೆ ಒಬ್ಬಳೇ ಮೊಟ್ಟೆ ಬೇಯಿಸ್ಕೊಂಡು ಕೂತಿರೋದನ್ನ ನೋಡಿ, ಕೈಬೀಸ್ಕೊಂಡು ಬಂದ್ಯೇನೋ?”

ಅವಳು ಶಾಲು ಹೊದ್ದು, ಹಿಟ್ಟು ಸಾಗಿಸುವ ಮೂರು ಗಾಲಿಯ ಗಾಡಿಯನ್ನು ಹೊರಡಿಸು ಎಂದು ಮಗನಿಗೆ ಹೇಳಿ ಮುಂದೆ ನಡೆದಳು. ಬಂಗಲೆಯಲ್ಲಿ ಇಬ್ಬರು ಮುದುಕಿಯರ ನಡುವೆ ಏನು ಮಾತಾಯಿತೋ, ಗಾಡಿಯ ಹತ್ತಿರ ನಿಂತಿದ್ದ ಅವನಿಗೆ ಕೇಳಿಸಲಿಲ್ಲ. ಚೆಸಿರಾ ಹೊರಗೆ ಬಂದಾಗ ತನಗಿಂತ ಎರಡು ವರ್ಷ ದೊಡ್ಡವಳಾದ ದೊರೆಸಾನಿಯ ಕೈ ಹಿಡಿದಿದ್ದಳು. ದೊರೆಸಾನಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬೆಳಿಗ್ಗೆಯಿಂದ ನಜ್ಜಾರೆನೊನನ್ನು ಬಂಗಲೆಗೆ ಏರಿಸಲು ಕಾದಿದ್ದ ಊರು, ಇಳಿಬಿಸಿಲಲ್ಲಿ ಬಂಗಲೆಯೇ ಗಾಡಿ ಹತ್ತಿ ಬೇಕರಿಗೆ ಇಳಿದುಬಂದದ್ದನ್ನು ಸಾಲಾಗಿ ನಿಂತು ನೋಡಿತು. ಗಂಡಸರು ಟೋಪಿ ತೆಗೆದರು.

ದೀನಾಗೆ ಕೋಪವೇನೂ ಬರಲಿಲ್ಲ. ಅವಳು ಮುಗುಳ್ನಗುತ್ತ ಒಳ್ಳೆಯ ತಟ್ಟೆಗಳನ್ನೇ ತೆಗೆದಿಟ್ಟಳು. ಬಂಗಲೆಯೊಡತಿ ತಾನಾಗಿ ಮನೆಗೆ ಬಂದು ಕೂತ ಮೇಲೆ ದ್ರಾಕ್ಷಿತೋಟ ಎಷ್ಟು ದೂರ? ಹುರುಳಿಕಾಯಿ ಸೂಪಿನ ಬಿಸಿಗೆ ದೊರೆಸಾನಿಯ ಕೆನ್ನೆ ಕೆಂಪೇರಿತು.

“ಪಾಪ, ಆ ಸನ್ಯಾಸಿನಿಯರಿಗೂ ಒಳ್ಳೇದಾಯ್ತು,” ಎಂದಳು ಆಕೆ, ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ. “ಬಂಗಲೆ, ತೋಟ ಎಲ್ಲಾ ಯಾವತ್ತೋ ಅವರ ಮಠಕ್ಕೆ ಬರೆದುಕೊಟ್ಟಿದ್ದೆ. ನಾನಾಗಿ ಬಿಟ್ಟುಹೋಗೋ ತನಕ ಅಲ್ಲಿರಬಹುದು ಅಂತ ಮಾತು. ಇನ್ನು ನಾಳೇನೇ ಬಂದು ಬೀಗದಕೈ ತಗೋಬಹುದು.”

ದೀನಾಳ ಸೌಟು ಗಾಳಿಯಲ್ಲೇ ನಿಂತಿತು. ನಜ್ಜಾರೆನೊ ಮೂಗನ್ನು ತಟ್ಟೆಯೊಳಗೆ ಬಗ್ಗಿಸಿದ.

“ಹೋಗ್ಲಿ ಬಿಡು, ಆ ಹಾಳು ಚಾವಣಿ ಯಾರಿಗೆ ಬೇಕಿತ್ತು,” ಎಂದಳು ಚೆಸಿರಾ, ದೊರೆಸಾನಿಯ ತಟ್ಟೆಗೆ ಇನ್ನಷ್ಟು ಸೂಪು ಸುರಿಯುತ್ತ. “ತವರಿಗೆ ಬಂದಿದೀಯ, ಹೊಟ್ಟೆ ತುಂಬ ಉಣ್ಣು. ಮಗ ಸೊಸೆ ಕೋಣೆ ನಿಂಗೆ. ಅವರಿಬ್ರೂ ಹಿಟ್ಟಿನ ಮೂಟೆ ಮೇಲೆ ಮಲಗ್ತಾರೆ, ಅಲ್ಲಿ ಬೆಚ್ಚಗಿರುತ್ತೆ.”