ಲಾರಿ ಎಣಿಸಲು ಕೂತವನು

ಹಳೆಯ ಹೆದ್ದಾರಿ ಸೇತುವೆಯ ಮೇಲೆ ಲಾರಿಗಳು ಹೋಗಬಾರದೆಂದು ಬೋರ್ಡು ಹಾಕಿದ್ದು ಇಲಾಖೆ. ಅದೇ ಸೇತುವೆಯ ಮೇಲೆ ಎಷ್ಟು ಲಾರಿಗಳು ಹೋಗುತ್ತವೆಂದು ಎಣಿಸಲು ಕಿರಿಯ ಎಂಜಿನಿಯರನನ್ನು ಕೂರಿಸಿದ್ದೂ ಅದೇ ಇಲಾಖೆ. ಅವನು ಕೂತಿದ್ದು ಆ ಬೋರ್ಡಿನ ನೆರಳಿನಲ್ಲೇ.

ಬೆಳಗಿನಿಂದ ಸ್ಕೂಟರು, ಕಾರು, ಹಾಲಿನ ವ್ಯಾನು. ಎಣಿಕೆ ಹಾಳೆಯ ಲಾರಿ ಕಾಲಮಿನಲ್ಲಿ ಒಂದು ನೊಣ ಕೂತು ಎದ್ದುಹೋಯಿತು, ಅಷ್ಟೇ. ಅವನು ಸಾಹೇಬರಿಗೆ ಫೋನ್ ಮಾಡಿದ.

“ಸಾರ್, ಲಾರಿ ಒಂದೂ ಬರ್ತಿಲ್ಲ. ನಾವೇ ನಿಲ್ಸಿದೀವಲ್ಲ.”

“ನಿಲ್ಸಿದ್ದು ಬೇರೆ ಫೈಲು, ಎಣಿಸೋದು ಬೇರೆ ಫೈಲು. ಎರಡನ್ನೂ ಯಾಕ್ರೀ ಕಲಸ್ತೀರಾ?”

“ಆದ್ರೆ ಲಾರಿ ಇಲ್ಲ ಅಂತ ಬರೆದ್ರೆ…”

“ಲಾರಿ ಓಡಾಡದ ಕಡೆ ಹೊಸ ಸೇತುವೆ ಯಾಕೆ? ಹಳೇದಕ್ಕೇ ತೇಪೆ ಹಾಕೋಣ. ಕಂಡಷ್ಟು ಬರೀರಿ. ಸಂಜೆ ನಾನೇ ಬರ್ತೀನಿ.”

ಅವನ ಮೈಯೆಲ್ಲ ಉರಿಯಿತು. ತೇಪೆಯೆಂದರೇನೆಂದು ಅವನಿಗೆ ಗೊತ್ತಿತ್ತು. ಅವನ ಮನೆ ಈ ದಡದಲ್ಲಿ; ಹೆಂಡತಿ ನರ್ಸಾಗಿದ್ದ ಆಸ್ಪತ್ರೆ ಆ ದಡದಲ್ಲಿ. ತೇಪೆ ಹಾಕುವಾಗಲೆಲ್ಲ ಸೇತುವೆ ಮುಚ್ಚುತ್ತಿತ್ತು. ಅವಳು ಎರಡು ಬಸ್ಸು ಹತ್ತಿ, ಸುತ್ತುಬಳಸಿ, ಅರ್ಧ ಜೀವವಾಗಿ ಮನೆ ಸೇರುತ್ತಿದ್ದಳು. ಈ ಬೆಳಿಗ್ಗೆ ಅವನ ಚೀಲಕ್ಕೆ ನೀರಿನ ಬಾಟಲಿ ಹಾಕುತ್ತ ಹೇಳಿದ್ದಳು: “ಈ ಸಲ ಸರಿಯಾದ ಸೇತುವೆ ಆಗ್ಲಿಲ್ಲ ಅಂದ್ರೆ ನಾನು ಆಸ್ಪತ್ರೆ ಕ್ವಾರ್ಟರ್ಸಿಗೆ ಹೋಗಿಬಿಡ್ತೀನಿ. ನೀವೂ ನಿಮ್ಮಮ್ಮನೂ ಇಲ್ಲೇ ಸುಖವಾಗಿರಿ.” ಜಗಳಕ್ಕೆಂದು ಆಡುವ ಮಾತಾದರೆ ಅವಳ ದನಿ ಏರುತ್ತಿತ್ತು. ಇದನ್ನು ಮೆಲ್ಲಗೆ ಹೇಳಿದ್ದಳು.

ಸಿಟ್ಟು ಹೊಟ್ಟೆಯಲ್ಲಿ ನಿಲ್ಲದೆ ಅವನು ಸೇತುವೆಯ ಬುಡದ ಪಂಕ್ಚರ್ ಅಂಗಡಿಯವನ ಮುಂದೆ ಎಲ್ಲವನ್ನೂ ಕಾರಿಕೊಂಡ. “ಕಾಲು ಮುರಿದವನನ್ನ ಮಲಗ್ಸಿ, ಇವನು ಓಡೋದೇ ಇಲ್ಲ, ಇವನಿಗ್ಯಾಕೆ ಕಾಲು ಅಂದ ಹಾಗಾಯ್ತಲ್ಲಪ್ಪಾ!”

ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವನು ತಲೆ ಎತ್ತಿದ. “ಅಂದ್ರೆ, ಲಾರಿ ಬರ್ಬೇಕು, ಅಷ್ಟೇ ತಾನೆ ಅಣ್ಣಾ?”

“ಏಯ್, ನಾನು ಹಾಗೆ ಹೇಳ್ಲಿಲ್ಲ.”

“ನೀವು ಹೇಳ್ಲಿಲ್ಲ. ನಾನು ಕೇಳಿಸ್ಕೊಂಡೆ.”

ಪಂಕ್ಚರ್ ಅಂಗಡಿಯವನಿಗೆ ಗೊತ್ತಿಲ್ಲದ ಲಾರಿಯವನು ಯಾರಿದ್ದಾನೆ? ಮಧ್ಯಾಹ್ನದ ಹೊತ್ತಿಗೆ ಮೊದಲನೆಯದು ಬಂತು, ಹೊಟ್ಟೆತುಂಬ ಜಲ್ಲಿ ತುಂಬಿಕೊಂಡು, ನೆಂಟರ ಮನೆಯಲ್ಲಿ ಉಂಡು ಹೊರಟ ಸೋದರತ್ತೆಯ ಹಾಗೆ ಏದುಸಿರು ಬಿಡುತ್ತ. ಹಿಂದೆಯೇ ಇಟ್ಟಿಗೆ, ಮರಳು, ಸಿಮೆಂಟು. ಅವನ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಸುದ್ದಿ ಮುಟ್ಟಿದ್ದೇ ತಡ, ಕೊಡೆ ಹಿಡಿದು ಓಡಿಬಂದರು. ನಿಷೇಧದ ಬೋರ್ಡಿಗೆ ತಮ್ಮ ಟವೆಲು ಹೊದಿಸಿ, ಕೊಡೆಯನ್ನೇ ಬೀಸಿ ಲಾರಿಗಳನ್ನು ಕರೆಯತೊಡಗಿದರು.

“ಬನ್ನಿ, ಬನ್ನಿ, ನಾಚ್ಕೋಬೇಡಿ!”

“ಮೇಷ್ಟ್ರೇ, ನಿಲ್ಸಿ! ಸೇತುವೆ ತಡೆಯಲ್ಲ!”

“ತಡೆಯಲ್ಲ ಅಂತ ತೋರ್ಸೋಕೇ ಅಲ್ವೇನಯ್ಯಾ ಇಷ್ಟೆಲ್ಲ? ನೀನು ಎಣಿಸೋಕೆ ಕೂತವನು, ಎಣಿಸು.”

ಅವನು ಗೀಟು ಹಾಕುತ್ತ ಹೋದ. ಜಲ್ಲಿ ಲಾರಿ ಮತ್ತೆ ಬಂತು. ಹೋಗಿ, ಮತ್ತೂ ಬಂತು. ಅವನು ಹಾರಿಬಿದ್ದ. “ಲೋ, ಇದೇ ಲಾರಿ ಆಗ್ಲೇ ಹೋಯ್ತಲ್ಲೋ!”

“ಲಾರಿ ಇದೇ ಸಾರ್, ಟ್ರಿಪ್ಪು ಬೇರೆ,” ಎಂದ ಚಾಲಕ, ಶಾಸ್ತ್ರ ಬಲ್ಲವನಂತೆ.

ಅವನು ಎರಡೂ ಕೈ ಅಗಲಿಸಿ ರಸ್ತೆಗೆ ಅಡ್ಡ ನಿಲ್ಲುವಷ್ಟರಲ್ಲಿ, ಸೇತುವೆ ಮುದುಕನ ಹಾಗೆ ಗಂಟಲು ಸರಿಮಾಡಿಕೊಂಡಿತು. ಅದರ ನಡುಭಾಗ ಗೇಣುದ್ದ ಕುಸಿಯಿತು. ಅಂಚಿನ ಕಟಕಟೆಯ ತುಂಡೊಂದು ನದಿಗೆ ಬಿತ್ತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ಲಾರಿಗಳು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಕ್ಕೆ ಸರಿದು ಮಾಯವಾದವು. ಪೊಲೀಸರು ಡ್ರಮ್ಮುಗಳನ್ನು ಅಡ್ಡ ಇಟ್ಟು, ನಡೆದು ಹೋಗುವವರನ್ನು ಮಾತ್ರ ಅಂಚಿನಲ್ಲಿ ಒಬ್ಬೊಬ್ಬರಾಗಿ ಬಿಟ್ಟರು. ಮೇಷ್ಟ್ರು ಬೋರ್ಡಿನಿಂದ ಟವೆಲು ತೆಗೆದು ಮುಖ ಒರೆಸಿಕೊಂಡರು.

“ನಾನು ಹೇಳ್ಲಿಲ್ವಾ, ತಡೆಯಲ್ಲ ಅಂತ?”

ಸಂಜೆ ಸಾಹೇಬರ ಜೀಪು ಬಂತು. ಬೈಗುಳಕ್ಕೆ ಸಿದ್ಧನಾಗಿ ನಿಂತಿದ್ದರೂ ಅವನ ಮನಸ್ಸಿನ ಮೂಲೆಯಲ್ಲಿ ಸಣ್ಣದೊಂದು ಸಮಾಧಾನ ಕೂತಿತ್ತು.

“ಸಾರ್, ಇನ್ನು ತೇಪೆ ನಿಲ್ಲಲ್ಲ. ಹೊಸದೇ ಆಗ್ಬೇಕು.”

“ಆಗ್ಲೇಬೇಕು,” ಎಂದರು ಸಾಹೇಬರು. ಅವನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. “ಆದ್ರೆ ಎಂಥದ್ದು ಅಂತ ಎಣಿಕೆ ಹೇಳ್ಬೇಕು. ಎಲ್ರೀ ಲಾರಿ?”

“ಇಲ್ಲಿದೆಯಲ್ಲ ಸಾರ್, ಕಾಲಂ ತುಂಬಿದೆ!”

“ನಿಷೇಧ ಇದ್ರೂ ಇಷ್ಟು ಲಾರಿ ಹೋಯ್ತು ಅಂತ ಕಳ್ಸಿದ್ರೆ, ಬಿಟ್ಟವರು ಯಾರು ಅಂತ ಮೇಲಿನವರು ಕೇಳ್ತಾರೆ. ನಿಮ್ಮ ಹೆಸರು ಹೇಳ್ಲಾ?”

ಸಾಹೇಬರು ತಾವೇ ಪೆನ್ನು ತೆಗೆದು ಲಾರಿಗಳನ್ನೆಲ್ಲ ಒಂದೇ ಗೀಟಿನಲ್ಲಿ ಹೊಡೆದುಹಾಕಿದರು. ಸೇತುವೆಯ ಕಡೆ ನೋಡಿದ ಅವರ ಮುಖ ಅರಳಿತು.

“ನೋಡ್ರೀ, ಎಷ್ಟು ಜನ ನಡ್ಕೊಂಡು ಹೋಗ್ತಿದ್ದಾರೆ! ಗಾಡಿ ಒಂದಾದ್ರೂ ಇದೆಯಾ? ಈ ಊರಿಗೆ ಬೇಕಾಗಿರೋದು ಪಾದಚಾರಿ ಸೇತುವೆ. ಖರ್ಚೂ ಕಮ್ಮಿ.”

“ಸಾರ್, ಇದು ಹೆದ್ದಾರಿ! ಗಾಡಿ ನಿಲ್ಸಿರೋದಕ್ಕೇ ಅಲ್ವಾ ಅವರು ನಡೀತಿರೋದು! ಇದು ಅನ್ಯಾಯ ಸಾರ್!”

ಅಷ್ಟರಲ್ಲಿ ಡ್ರಮ್ಮುಗಳ ನಡುವಿನಿಂದ ಅವನ ಹೆಂಡತಿ ಹೊರಬಂದಳು, ಡ್ಯೂಟಿ ಮುಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು. ಅವಳು ಯಾರೆಂದು ತಿಳಿಯದ ಸಾಹೇಬರು ಮುಂದೆ ಹೋದರು.

“ಅಮ್ಮಾ, ಇಲ್ಲಿ ಪಾದಚಾರಿ ಸೇತುವೆ ಕಟ್ತಾ ಇದ್ದೀವಿ. ನಿಮ್ಮ ಅಭಿಪ್ರಾಯ?”

ಅವಳು ಗಂಡನ ಮುಖ ನೋಡಿದಳು. ಪಂಕ್ಚರ್ ಅಂಗಡಿಯವನು ಸಂಕಟದಿಂದ ಬಾಯಿಬಿಟ್ಟ: “ಅಕ್ಕಾ, ಅಣ್ಣಂದೇನೂ ತಪ್ಪಿಲ್ಲ. ಲಾರಿ ಕರ್ಸಿದ್ದು ನಾನು, ಅವರು ಬರೀ ಎಣಿಸಿದ್ದು.”

“ಬರೀ ಎಣಿಸಿದ್ದು,” ಎಂದಳು ಅವಳು. ಚಪ್ಪಲಿ ಮೆಟ್ಟಿಕೊಂಡು, ಬಂದ ಕಡೆಗೇ ತಿರುಗಿದಳು.

“ಎಲ್ಲಿಗೇ?”

“ಕ್ವಾರ್ಟರ್ಸಿಗೆ. ಅತ್ತೆಗೆ ಮಾತ್ರೆ ಊಟ ಆದ್ಮೇಲೆ ಕೊಡಿ, ಮೊದ್ಲೇ ಕೊಡ್ಬೇಡಿ.”

ಅವನು ಹಿಂದೆಯೇ ಓಡಲು ಹೊರಟ. ಸಾಹೇಬರು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದರು.

“ಎಲ್ಲಿಗ್ರೀ ಕೆಲಸ ಬಿಟ್ಟು? ಆಯಮ್ಮ ಬಂದಿದ್ದೊಂದು, ಹೋಗಿದ್ದೊಂದು. ಎರಡು ಅಂತ ಬರ್ಕೊಳ್ಳಿ.”

ಅವನು ಬರೆದುಕೊಂಡ.